ಸ್ಯಾಂ ಜೆರ್ಮೆಂನಲ್ಲಿ ಸಿಕ್ಕವಳು

ಶಾಂತಕ್ಕನ ತಂಗಿ ನನಗೆ ಸಿಕ್ಕಿದ್ದಳು. ಸಿಗಲಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಒಂದು ಮಧ್ಯಾಹ್ನ ಪೂರ್ತಿ ಅವಳ ಜೊತೆ ನಡೆದಿದ್ದೇನೆ, ಅವಳು ಹೆಚ್ಚಿ ಕೊಟ್ಟ ಸೇಬು ತಿಂದಿದ್ದೇನೆ. ಅಕ್ಕನಿಗೆ ಇಷ್ಟು ಹೇಳಿ ಎಂದು ಅವಳು ಕೇಳಿಕೊಂಡದ್ದಕ್ಕೆ ಆಗಲಿ ಎಂದು ಒಪ್ಪಿ ಬಂದಿದ್ದೇನೆ. ಹೇಳಲಿಲ್ಲ. ಮೂವತ್ತೈದು ವರ್ಷಕ್ಕೂ ಮೇಲಾಯಿತು. ಮರೆತೆನೆಂದಲ್ಲ, ಸಂದರ್ಭ ಒದಗಲಿಲ್ಲವೆಂದೂ ಅಲ್ಲ — ಹೇಳುವುದು ನನಗೆ ಬೇಕಿರಲಿಲ್ಲ. ಇದನ್ನು ಬರೆಯಲು ಎಷ್ಟು ಸಲ ಕುಳಿತಿದ್ದೇನೋ. ಪ್ರತಿ ಸಲವೂ 'ಆಗಿನ ನನ್ನ ಪರಿಸ್ಥಿತಿ' ಎಂಬಲ್ಲಿಂದ ಶುರುವಾಗಿಬಿಡುತ್ತಿತ್ತು. ಹರಿದು ಹಾಕುತ್ತಿದ್ದೆ. ಇವತ್ತು ಸುಳ್ಳಿನಿಂದಲೇ ಶುರು ಮಾಡಿದ್ದೇನೆ.

ಎಂಬತ್ತರ ದಶಕದ ನಡುವಿನ ಮಾತು. ನಾವು ಹೇವರ್ಡ್‌ನಲ್ಲಿ ಒಂದು ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿದ್ದೆವು — ನಾನು, ನನ್ನ ಗಂಡ ಶ್ರೀಧರ್, ಎರಡು ವರ್ಷದ ಮಗಳು ಅನು. ಶ್ರೀಧರ್ ಪಾಲೋ ಆಲ್ಟೋದಲ್ಲಿ ಎಂಜಿನಿಯರ್. ಬೆಳಿಗ್ಗೆ ಸೇತುವೆ ದಾಟಿ ಹೋದರೆ ದೀಪ ಹಚ್ಚಿದ ಮೇಲೆಯೇ ಮನೆಗೆ. ನಾನು ಬೆಂಗಳೂರಿನಲ್ಲಿ ಎಂಬಿಬಿಎಸ್ ಮುಗಿಸಿ ಬಂದವಳು. ಇಲ್ಲಿ ಡಾಕ್ಟರಾಗಬೇಕಾದರೆ ಇಲ್ಲಿಯ ಪರೀಕ್ಷೆ ಪಾಸಾಗಬೇಕು. ಅದರಲ್ಲಿ ಎರಡು ಸಲ ಫೇಲಾಗಿದ್ದೆ. ಹಗಲು ಒಂದು ಲ್ಯಾಬಿನಲ್ಲಿ ಜನರ ರಕ್ತ ತೆಗೆಯುವ ಕೆಲಸ, ಸಂಜೆ ಲೈಬ್ರರಿಯಲ್ಲಿ ಓದು. ಬರುವ ಜನವರಿಯದು ಮೂರನೆಯ ಸಲ, ಅದೇ ಕೊನೆಯ ಸಲ ಎಂದು ನಾವಿಬ್ಬರೂ ತೀರ್ಮಾನಿಸಿಕೊಂಡಿದ್ದೆವು.

ಶಾಂತಕ್ಕ ಕೆಳಗಿನ ಮನೆಯವರು. ಧಾರವಾಡದವರು, ಆಗ ನಲವತ್ತೈದರ ಹತ್ತಿರ. ಗಂಡ ಗುರುರಾಯರಿಗೆ ಊರಂಚಿನ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್ ಕೆಲಸ. ಒಬ್ಬನೇ ಮಗ ಕಾಲೇಜಿಗೆಂದು ಬೇರೆ ಊರಿನಲ್ಲಿದ್ದ. ಅನುವನ್ನು ಡೇಕೇರಿಗೆ ಹಾಕಿದ ಎರಡನೆಯ ವಾರ ಅವಳು ಅತ್ತೂ ಅತ್ತೂ ಜ್ವರ ಬರಿಸಿಕೊಂಡಾಗ ಶಾಂತಕ್ಕ ತಾವಾಗಿಯೇ ಮೆಟ್ಟಿಲು ಹತ್ತಿ ಬಂದು, "ಕೂಸಿನ್ನ ನನ್ನ ಕಡೆ ಬಿಡು, ನೀ ಓದ್ಕೋ" ಎಂದರು. ಅಷ್ಟೇ. ಅಂದಿನಿಂದ ಬೆಳಿಗ್ಗೆ ಏಳರಿಂದ ರಾತ್ರಿಯ ಊಟದವರೆಗೆ ಅನು ಅವರ ಮನೆಯಲ್ಲಿ. ಅವಳು ಮಾತು ಕಲಿತದ್ದು ಅವರಿಂದ. ನನ್ನನ್ನು ಅಮ್ಮ ಎನ್ನುತ್ತಿದ್ದಳು, ಅವರನ್ನು ಅವ್ವ ಎನ್ನುತ್ತಿದ್ದಳು. ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಆದರೆ ಆ ಚುಚ್ಚುವಿಕೆಯ ಮೇಲೆಯೇ ನನ್ನ ಇಡೀ ಬದುಕು ನಿಂತಿತ್ತು.

ಅವರ ತಂಗಿ ವತ್ಸಲಾ. ಎಂಟು ವರ್ಷ ಚಿಕ್ಕವಳು. ತಾಯಿ ಬೇಗ ತೀರಿಹೋದದ್ದರಿಂದ ಶಾಂತಕ್ಕನೇ ತಲೆ ಬಾಚಿ, ಪಾಠ ಹೇಳಿಕೊಟ್ಟು ಬೆಳೆಸಿದ್ದರು. ಇತಿಹಾಸ ಓದುವುದಕ್ಕೆ ಸ್ಕಾಲರ್‌ಶಿಪ್ ಸಿಕ್ಕಿ ಫ್ರಾನ್ಸಿಗೆ ಹೋದವಳು ಅಲ್ಲಿಯ ಶಾಲಾ ಮಾಸ್ತರನೊಬ್ಬನನ್ನು ಮದುವೆಯಾದಳು. ತಂದೆ ಅವಳ ಹೆಸರು ಎತ್ತಕೂಡದೆಂದರು. ನಮ್ಮ ಪಾಲಿಗೆ ನೀನು ಸತ್ತೆ ಎಂಬ ಕಾಗದವನ್ನು ಅವರು ಹೇಳುತ್ತ ಹೋದರು, ಬರೆದ ಕೈ ಶಾಂತಕ್ಕನದು. ಅಕ್ಷರ ನಂದು, ಸುಧಾ, ಅದಕ್ಕ ಮಾತೂ ನಂದ ಅಂತ ತಿಳಕೊಂಡಿರತಾಳ — ಎಂದು ಅವರು ಒಂದು ಸಂಜೆ ನನ್ನೆದುರು ಅತ್ತಿದ್ದರು. ಗುರುರಾಯರು ಈ ವಿಷಯದಲ್ಲಿ ಮಾವನ ಮಾತನ್ನೇ ನಡೆಸಿಕೊಂಡು ಬಂದವರು. ವತ್ಸಲಾ ಆಮೇಲೆ ಬರೆದ ಕಾಗದಗಳನ್ನು ಅವರು ಒಡೆಯದೆ ಹಿಂದಕ್ಕೆ ಕಳಿಸಿದ್ದರಂತೆ. ಒಂದು ಲಕೋಟೆ ಮಾತ್ರ ಹೇಗೋ ಶಾಂತಕ್ಕನ ಕೈಗೆ ಸಿಕ್ಕಿತ್ತು.

ಆ ಅಕ್ಟೋಬರಿನಲ್ಲಿ ಶ್ರೀಧರ್‌ಗೆ ಪ್ಯಾರಿಸಿನಲ್ಲಿ ಒಂದು ವಾರದ ಕೆಲಸ ಬಂತು. ನೀನೂ ಬಾ, ಪುಸ್ತಕ ಅಲ್ಲೇ ಓದು ಎಂದರು. ನಾನು ಅನುಮಾನಿಸುತ್ತಿದ್ದಾಗ ಶಾಂತಕ್ಕನೇ ಒತ್ತಾಯ ಮಾಡಿದರು. ಹೊರಡುವ ಹಿಂದಿನ ದಿನ, ಗುರುರಾಯರು ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ, ಆ ಲಕೋಟೆಯನ್ನೂ ಒಂದು ಗಂಟನ್ನೂ ತಂದು ಕೊಟ್ಟರು. ಗಂಟಿನಲ್ಲಿ ಅವರ ತಾಯಿಯ ಇಳಕಲ್ ಸೀರೆ, ಅದರ ಮಡಿಕೆಯಲ್ಲಿ ಒಂದು ಪತ್ರ.

"ಅಕಿ ಇದ್ರ ಸಾಕು ಸುಧಾ. ಒಂದ ಮಾತು ಬಾ ಅಂದ್ರ ನಾ ಹೋಗ್ತೀನಿ. ಇವರು ಏನರೆ ಅನ್ಲಿ."

ಈ ಮಾತನ್ನು ನಾನು ಕಿವಿಯಾರೆ ಕೇಳಿದ್ದೆ. ಅವರು ಹೋಗಿಯೇ ಹೋಗುತ್ತಾರೆ ಎಂಬುದು ನನಗೆ ಗೊತ್ತಿತ್ತು. ಆಮೇಲೆ ನಡೆದುದೆಲ್ಲ ಹೀಗೆ ಗೊತ್ತಿದ್ದೇ ನಡೆದದ್ದು.

ಊರಿನ ಹೆಸರನ್ನು ನಾನು ಲಕೋಟೆಯ ಮೇಲೆ ಇಂಗ್ಲಿಷಿನಂತೆ ಓದಿಕೊಂಡಿದ್ದೆ. ಸ್ಯಾಂ ಜೆರ್ಮೆಂ ಎಂದು ತಿದ್ದಿದವಳು ವತ್ಸಲಾ. ಪ್ಯಾರಿಸಿನಿಂದ ರೈಲಿನಲ್ಲಿ ಅರ್ಧ ತಾಸಿನ ದಾರಿ. ಸ್ಟೇಷನ್ನಿನ ಮೆಟ್ಟಿಲು ಹತ್ತಿ ಮೇಲೆ ಬಂದರೆ ಎದುರಿಗೇ ಅರಮನೆ — ಕೋಟೆಯ ಹಾಗೆ ದಪ್ಪ ಗೋಡೆ, ಸುತ್ತ ನೀರಿಲ್ಲದ ಕಂದಕ. ಕಲ್ಲು ಹಾಸಿದ ಓಣಿಗಳಲ್ಲಿ ವಿಳಾಸ ಹುಡುಕುತ್ತ ಹೋದೆ. ಲಕೋಟೆಯ ಮೇಲಿದ್ದ ಮನೆ ಇದ್ದ ಜಾಗದಲ್ಲೇ ಇತ್ತು. ಬಾಗಿಲಲ್ಲಿ ಗುಡಿಸುತ್ತಿದ್ದ ಮುದುಕಿಗೆ ಹೆಸರು ತೋರಿಸಿದೆ. ಅವಳು ನನ್ನ ಸೀರೆ, ನನ್ನ ಮುಖ ನೋಡಿ ನಕ್ಕು, ಕೈಹಿಡಿದು ಓಣಿಯ ತುದಿಯವರೆಗೆ ನಡೆಸಿಕೊಂಡು ಹೋಗಿ ಪ್ರವಾಸಿಗರ ಕಚೇರಿಯನ್ನು ತೋರಿಸಿದಳು. ಹುಡುಕುವುದೇನೂ ಇರಲೇ ಇಲ್ಲ. ಎಷ್ಟು ಸುಲಭವಾಗಿ ಸಿಕ್ಕಿಬಿಟ್ಟಳು!

ಕಚೇರಿಯ ಮುಂದೆ ಹತ್ತು ಹನ್ನೆರಡು ಜನ ನಿಂತಿದ್ದರು. ಅವರ ನಡುವೆ ತೆಳ್ಳಗಿನ ಹೆಂಗಸೊಬ್ಬಳು ಕೈಯೆತ್ತಿ ಏನೋ ವಿವರಿಸುತ್ತಿದ್ದಳು. ಊರಿನ ಹಳೆಯ ಕಟ್ಟಡಗಳನ್ನು ಬಂದವರಿಗೆ ತೋರಿಸುವುದು ಅವಳ ಕೆಲಸ. ನನ್ನನ್ನು ಕಂಡು ಮಾತು ನಿಲ್ಲಿಸಿದಳು. ನಾನು ಹತ್ತಿರ ಹೋಗಿ, ಶಾಂತಕ್ಕ ಕಳಿಸಿದ್ದಾರೆ ಎಂದೆ. ಅವಳು ತುಟಿ ಕಚ್ಚಿಕೊಂಡು ಒಂದು ಕ್ಷಣ ನೆಲ ನೋಡಿದಳು. ಆಮೇಲೆ, ಕನ್ನಡ ಮಾತಾಡಿ ಎಷ್ಟೋ ವರ್ಷವಾದವರ ಹಾಗೆ ಒಂದೊಂದೇ ಪದ ಹೊಂದಿಸಿ, "ಇವರನ್ನ ಮುಗಿಸ್ತೀನ್ರಿ. ನನ್ನ ಕೂಡ ನಡೀತೀರೇನು?" ಎಂದಳು.

ಹಾಗಾಗಿ ನಾನು ಆ ಊರನ್ನು ಅವಳ ಹಿಂದೆ ನಡೆದೇ ನೋಡಿದೆ. ಅವಳು ಫ್ರೆಂಚಿನಲ್ಲಿ ಅವರಿಗೆ ಹೇಳುವುದು, ತಿರುಗಿ ನನಗೆ ಕನ್ನಡದಲ್ಲಿ ಎರಡು ಮಾತು ಹೇಳುವುದು. ಫ್ರಾನ್ಸಿನ ದೊಡ್ಡ ರಾಜನೊಬ್ಬ ಹುಟ್ಟಿದ್ದು ಇಲ್ಲೇ. ಬೆಳೆದ ಮೇಲೆ ಈ ಊರು ಸಾಲದೆ ಬೇರೆ ಅರಮನೆ ಕಟ್ಟಿಕೊಂಡು ಹೋದ. ಅರಮನೆಯ ಎದುರಿನ ಇಗರ್ಜಿಯಲ್ಲಿ ಇಂಗ್ಲೆಂಡಿನಿಂದ ಓಡಿಬಂದ ರಾಜನೊಬ್ಬನ ಸಮಾಧಿ ಇತ್ತು. ಅದರ ಮುಂದೆ ಮಾತ್ರ ಅವಳು ನನಗೆ ಸ್ವಲ್ಪ ಹೆಚ್ಚು ಹೇಳಿದಳು — ಇವತ್ತು ಕರೀತಾರ, ನಾಳೆ ಕರೀತಾರ ಅಂತ ಕಾಯ್ಕೋತ ಇಲ್ಲೇ ಉಳಿದನಂತೆ ಪಾಪ. ಹೇಳಿ ನಕ್ಕಳು. ಬಂದವರಿಗೆಲ್ಲ ದಿನವೂ ಹೇಳುವ ಕತೆ ಎಂಬ ಹಾಗೆಯೇ ಹೇಳಿದಳು.

ಜನ ಚದುರಿದ ಮೇಲೆ ನನ್ನನ್ನು ಅರಮನೆಯ ಉದ್ಯಾನಕ್ಕೆ ಕರೆದುಕೊಂಡು ಹೋದಳು. ಹೂವಿನ ಮಡಿಗಳನ್ನು ದಾಟಿದರೆ ಗುಡ್ಡದ ಅಂಚಿಗೆ ಕಲ್ಲಿನ ಕಟ್ಟೆ ಕಟ್ಟಿ ಮಾಡಿದ ನೇರವಾದ ಹಾದಿ, ಕಣ್ಣಿಗೆ ತುದಿಯೇ ಕಾಣದಷ್ಟು ಉದ್ದ. ಒಂದು ಪಕ್ಕಕ್ಕೆ ಎಲೆ ಹಳದಿಯಾದ ಮರಗಳ ಸಾಲು, ಅದರಾಚೆ ಕಾಡು. ಇನ್ನೊಂದು ಪಕ್ಕಕ್ಕೆ ಕೆಳಗೆ ಬಳಸಿ ಹರಿಯುವ ನದಿ, ದೂರದಲ್ಲಿ ಮಂಜಿನಲ್ಲಿ ಪ್ಯಾರಿಸ್. ಅಲ್ಲೊಂದು ಬೆಂಚಿನ ಮೇಲೆ ಕುಳಿತು ಗಂಟು ಬಿಚ್ಚಿದಳು. ಸೀರೆಯನ್ನು ಮುಖಕ್ಕೆ ಒತ್ತಿ ಹಿಡಿದುಕೊಂಡಳು. ಪತ್ರವನ್ನು ಎರಡು ಸಲ ಓದಿದಳು. ಆಮೇಲೆ ಕೈಚೀಲದಿಂದ ಸೇಬು ತೆಗೆದು ಹೆಚ್ಚಿ ನನಗೆ ಅರ್ಧ ಕೊಟ್ಟಳು. ಗಂಡ ಬೇರೆಯಾಗಿ ಐದು ವರ್ಷವಾಯಿತು, ಮಕ್ಕಳಿಲ್ಲ ಎಂದಳು. ನಾನು ಡಾಕ್ಟರೆಂದು ಶಾಂತಕ್ಕ ಪತ್ರದಲ್ಲಿ ಬರೆದಿದ್ದರಂತೆ. ಅದೇ ಚೀಲದಿಂದ ಒಂದಷ್ಟು ಕಾಗದ ತೆಗೆದು ನನ್ನ ತೊಡೆಯ ಮೇಲಿಟ್ಟಳು.

ಫ್ರೆಂಚ್ ಬಾರದಿದ್ದರೂ ಆಸ್ಪತ್ರೆಯ ಪದಗಳು ಎಲ್ಲ ಕಡೆಯೂ ಒಂದೇ. ಮೊಲೆಯಲ್ಲಿ ಗಂಟು. ಕಂಕುಳಿಗೂ ಹರಡಿತ್ತು. ಅದೇ ಪಾಠವನ್ನು ನಾನು ವಿಮಾನದಲ್ಲಿ ಓದಿಕೊಂಡು ಬಂದಿದ್ದೆ. ಮುಂದಿನ ತಿಂಗಳು ಆಪರೇಷನ್, ಅದಾದ ಮೇಲೆ ಎಷ್ಟೋ ತಿಂಗಳ ಔಷಧ. ನಾನು ಏನೋ ಧೈರ್ಯದ ಮಾತು ಹೇಳಿದೆ. ಅವಳು ತಲೆಯಾಡಿಸಿದಳು.

"ಆಪರೇಶನ್ನಿಗೆ ಅಂಜಿಲ್ರಿ ನಾ. ಎಚ್ಚರಾದಾಗ ಕನ್ನಡದಾಗ ಮಾತಾಡೋರು ಒಬ್ಬರು ಬೇಕನ್ನಸ್ತದ. ಅಕ್ಕಗ ಹೇಳ್ರಿ — ನಾ ಬಾ ಅಂದೆ ಅಂತ."

ನೀವೇ ಫೋನ್ ಮಾಡಬಹುದಲ್ಲ ಎಂದೆ. ಭಾವ ಎತ್ತಿದರೆ ಇಟ್ಟುಬಿಡುತ್ತಾರೆ. ಇನ್ನೊಂದು ಸಲ ಅದನ್ನು ತಡೆದುಕೊಳ್ಳಲಾರೆ ಎಂದಳು. ನಾನು ನನ್ನ ವಿಳಾಸ, ಫೋನ್ ನಂಬರು ಬರೆದುಕೊಟ್ಟೆ, ಅವಳ ನಂಬರನ್ನೂ ಬರೆದುಕೊಂಡೆ. ಹೇಳುತ್ತೇನೆ ಎಂದೆ. ಹೇಳುವಾಗ ನಿಜವಾಗಿಯೂ ಹೇಳಬೇಕೆಂದೇ ಇದ್ದೆ — ಈ ಒಂದು ವಾಕ್ಯವನ್ನು ಬರೆಯಲು ನನಗೆ ಹಕ್ಕಿದೆಯೋ ಇಲ್ಲವೋ ತಿಳಿಯದು.

ತಿರುಗಿ ಬರುವ ರೈಲಿನಲ್ಲೇ ಲೆಕ್ಕ ಶುರುವಾಗಿತ್ತು. ನವೆಂಬರಿನಲ್ಲಿ ಶಾಂತಕ್ಕ ಹೊರಟರೆ, ವಸಂತದವರೆಗೆ ಬರುವುದಿಲ್ಲ. ಅನುವನ್ನು ಯಾರು ನೋಡಿಕೊಳ್ಳುತ್ತಾರೆ? ಲ್ಯಾಬು ಬಿಡಬೇಕು, ಓದು ಬಿಡಬೇಕು, ಜನವರಿ ಹೋಯಿತು. ಹೋದರೆ — ನಾನು ಮುಂದೆ ಯಾವತ್ತಿಗೂ ಬೇರೆಯವರ ಕೈಯಿಂದ ರಕ್ತ ತೆಗೆಯುತ್ತಲೇ ಇರುವವಳು. ಶ್ರೀಧರ್‌ಗೆ ನಾನು ವತ್ಸಲಾ ಸಿಕ್ಕಳೆಂದು ಹೇಳಲಿಲ್ಲ. ಹೇಳಿದ್ದರೆ ಅವರು ಆ ರಾತ್ರಿಯೇ ಹೇವರ್ಡ್‌ಗೆ ಫೋನ್ ಮಾಡಿಸುತ್ತಿದ್ದರು. ಅದಕ್ಕೇ ಹೇಳಲಿಲ್ಲ.

ಹೇವರ್ಡ್‌ಗೆ ಬಂದು ಕೆಳಗಿನ ಮನೆಯ ಬಾಗಿಲು ತಟ್ಟಿದಾಗ ಶಾಂತಕ್ಕ ಅನುವನ್ನು ಎತ್ತಿಕೊಂಡೇ ತೆರೆದರು. ಅನು ನನ್ನನ್ನು ನೋಡಿ ಅವರ ಕತ್ತನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು. ಒಳಗೆ ಗುರುರಾಯರು ಟೀವಿಯ ಮುಂದೆ ಕುಳಿತಿದ್ದರು. ಶಾಂತಕ್ಕ ಕಣ್ಣಿನಲ್ಲೇ ಕೇಳಿದರು. ನಾನು ತಲೆ ಅಡ್ಡ ಆಡಿಸಿದೆ. ಈಗ ಬೇಡ ಎಂದು ಆಡಿಸಿದೆನೋ, ಇಲ್ಲ ಎಂದು ಆಡಿಸಿದೆನೋ — ಆ ಕ್ಷಣದಲ್ಲಿ ನನಗೇ ತಿಳಿಯಲಿಲ್ಲವೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಅಡುಗೆಮನೆಗೆ ಹೋದ ಮೇಲೆ ಅವರು ಬಾಯಿಬಿಟ್ಟು ಕೇಳಿದರು.

"ಸಿಗಲಿಲ್ಲೇನು?"

"ಇಲ್ಲ ಅಕ್ಕಾ. ಆ ಮನೇಲಿ ಈಗ ಬೇರೆ ಯಾರೋ ಇದ್ದಾರೆ."

ಸೀರೆ ಎಲ್ಲಿ ಎಂದು ಅವರು ಕೇಳಲಿಲ್ಲ. ನಾನೇ ಹೇಳಿದೆ — ಊರಿನ ಕಚೇರಿಯಲ್ಲಿ ಕೊಟ್ಟು ಬಂದಿದ್ದೇನೆ, ಎಂದಾದರೂ ಬಂದರೆ ತಲುಪಿಸುತ್ತಾರೆ ಎಂದು. ಅವರು ಒಲೆಯ ಮೇಲಿದ್ದ ಸಾರನ್ನು ಕದಡುತ್ತ, ಇರಲಿ ಬಿಡು, ನೀ ದಣದಿದ್ದಿ, ಉಣ್ಣು ಎಂದು ತಟ್ಟೆ ಹಾಕಿದರು. ನಾನು ಉಂಡೆ.

ಪರೀಕ್ಷೆ ಮುಗಿದ ಮರುದಿನ ಹೇಳಿಬಿಡುತ್ತೇನೆ ಎಂದುಕೊಂಡೆ. ಆಪರೇಷನ್ನಿನ ಹೊತ್ತಿಗಲ್ಲದಿದ್ದರೂ ಆಮೇಲಿನ ಔಷಧದ ಹೊತ್ತಿಗಾದರೂ ಹೋಗಲಿ. ಹೀಗೆ ದಿನಗಳನ್ನು ದೂಡುತ್ತಿದ್ದಾಗ ಡಿಸೆಂಬರಿನ ಒಂದು ಭಾನುವಾರ, ಬೆಳಿಗ್ಗೆ ಒಂಬತ್ತರ ಸುಮಾರಿಗೆ ಫೋನ್ ಬಂತು. ಶ್ರೀಧರ್ ಗ್ರೋಸರಿ ತರಲು ಹೋಗಿದ್ದರು. ಅನು ಕೆಳಗಿದ್ದಳು. ಕಿಟಕಿ ತೆರೆದಿತ್ತು, ಶಾಂತಕ್ಕ ಅಂಗಳದಲ್ಲಿ ಅವಳಿಗೆ ಏನೋ ಹಾಡು ಹೇಳಿಕೊಡುತ್ತಿದ್ದುದು ಕೇಳುತ್ತಿತ್ತು.

ವತ್ಸಲಾ ಮೊದಲು ನನ್ನ ಮಗಳು ಹೇಗಿದ್ದಾಳೆ ಎಂದು ಕೇಳಿದಳು. ಆಪರೇಷನ್ ಆಯಿತು, ಮನೆಗೆ ಬಂದಿದ್ದೇನೆ ಎಂದಳು. ಆಮೇಲೆ —

"ಅಕ್ಕಗ ಹೇಳಿದ್ರೇನ್ರಿ?"

ಕಿಟಕಿಯಿಂದ ಒಂದು ಕೂಗು ಹಾಕಿದ್ದರೆ ಸಾಕಿತ್ತು. ಹದಿನಾರು ಮೆಟ್ಟಿಲು. ಶಾಂತಕ್ಕ ಎರಡೆರಡಾಗಿ ಹತ್ತಿ ಬಂದುಬಿಡುತ್ತಿದ್ದರು.

"ಹೇಳಿದೆ" ಎಂದೆ. "ಈಗ ಬರೋದು ಅವರಿಗೆ ಕಷ್ಟ ಆಗತ್ತೆ ಅಂದ್ರು."

ಲೈನು ಹೋಯಿತೇನೋ ಎಂದುಕೊಂಡೆ. ಹೋಗಿರಲಿ ಎಂದು ಬಯಸಿದೆ.

"ಆತ್ರಿ. ಅಕಿಗೆ ತ್ರಾಸ ಕೊಡಬ್ಯಾಡ್ರಿ" ಎಂದಳು. ಇಟ್ಟಳು. ಮತ್ತೆಂದೂ ಮಾಡಲಿಲ್ಲ.

ಒಬ್ಬರಿಗೆ ಇನ್ನೊಬ್ಬರು ಇಲ್ಲವೆಂದು ಹೇಳಿದೆ. ಇನ್ನೊಬ್ಬರಿಗೆ ಇದ್ದೂ ಬರುವುದಿಲ್ಲವೆಂದು ಹೇಳಿದೆ. ತಂದೆ ಹೇಳಿ ಬರೆಸಿದ ಕಾಗದಕ್ಕಿಂತ ಇದು ಕೆಟ್ಟದ್ದು, ಏಕೆಂದರೆ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಫೋನ್ ಇಟ್ಟ ಮೇಲೂ ಸಮಯವಿತ್ತು. ಅವಳ ನಂಬರು ನನ್ನ ಹತ್ತಿರ ಇತ್ತು. ಆದರೆ ಈಗ ಹೇಳಿದರೆ ಎರಡು ಸುಳ್ಳೂ ಹೊರಬೀಳುತ್ತವೆ. ಕೈಯೆತ್ತಲು ಆಗದವಳ ಹಾಗೆ ಆ ಫೋನಿನ ಪಕ್ಕದಲ್ಲೇ ಕುಳಿತೆ. ಜನವರಿ ಬಂತು. ಪರೀಕ್ಷೆ ಬರೆದೆ. ಪಾಸಾದೆ. ಶಾಂತಕ್ಕ ಹೋಳಿಗೆ ಮಾಡಿ, ನನ್ನ ಬಾಯಿಗೆ ತಾವೇ ತುತ್ತಿಟ್ಟರು. ಆಮೇಲೆ ಆಸ್ಪತ್ರೆಯ ತರಬೇತಿ ಶುರುವಾಯಿತು. ಎರಡೆರಡು ದಿನ ಮನೆಗೆ ಬರಲಾಗದ ಕೆಲಸ. ಶಾಂತಕ್ಕ ಮೊದಲಿಗಿಂತ ಹೆಚ್ಚು ಬೇಕಾದರು. ಹೇಳುವ ದಿನ ಹಾಗೆಯೇ ಮುಂದೆ ಮುಂದೆ ಹೋಯಿತು.

ಅದರ ಮರುವರ್ಷದ ವಸಂತದಲ್ಲಿ ನನ್ನ ಹೆಸರಿಗೆ ಒಂದು ಕಾಗದ ಬಂತು. ವತ್ಸಲಾಳ ಜೊತೆ ಕೆಲಸ ಮಾಡುತ್ತಿದ್ದ ಹೆಂಗಸು ತಡವರಿಸುವ ಇಂಗ್ಲಿಷಿನಲ್ಲಿ ಬರೆದಿದ್ದಳು. ಕಳೆದ ತಿಂಗಳು ತೀರಿಕೊಂಡಳು. ಕೊನೆಯ ವಾರದಲ್ಲಿ ತಮಗ್ಯಾರಿಗೂ ತಿಳಿಯದ ಭಾಷೆಯಲ್ಲಿ ಮಾತಾಡುತ್ತಿದ್ದಳು, ಏನು ಬೇಕೆಂದು ಕೇಳಿದರೂ ಅದೇ ಭಾಷೆ, ಏನೂ ಮಾಡಲಾಗಲಿಲ್ಲ, ಕ್ಷಮಿಸಿ — ಎಂದಿತ್ತು. ಕ್ಷಮೆ ಕೇಳಿದವಳು ಅವಳು.

ಸಾವನ್ನು ಮುಚ್ಚಿಡಲು ನನ್ನಿಂದಾಗಲಿಲ್ಲ. ಕಾಗದ ತೋರಿಸದೆ ಸುದ್ದಿ ಮಾತ್ರ ಹೇಳಿದೆ — ನಾನು ಸೀರೆ ಕೊಟ್ಟು ಬಂದ ಆ ಕಚೇರಿಯವರು ಹೇಗೋ ಪತ್ತೆ ಮಾಡಿ ಬರೆದಿದ್ದಾರೆ ಎಂದು. ಶಾಂತಕ್ಕ ನೆಲದ ಮೇಲೆ ಕುಳಿತುಬಿಟ್ಟರು. ಗಂಡ ಬರುವುದರೊಳಗೆ ಅತ್ತು ಮುಗಿಸಬೇಕಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತರು. ನಾನು ಪಕ್ಕದಲ್ಲಿ ಕುಳಿತು ಅವರ ಬೆನ್ನು ಸವರಿದೆ. ಅವರು ನನ್ನ ಕೈ ಹಿಡಿದುಕೊಂಡರು.

"ನೀ ಹುಡುಕಿದಿ, ಸುಧಾ. ಒಡಹುಟ್ಟಿದ ನಾ ಮಾಡಲಿಲ್ಲ, ನೀ ಮಾಡಿದಿ."

ಅಂದೇ ನಾನು ಸತ್ತುಹೋಗಬೇಕಿತ್ತು ಎಂದೆಲ್ಲ ಬರೆದರೆ ಅದೂ ಇನ್ನೊಂದು ಸುಳ್ಳಾದೀತು. ಸಾಯಲಿಲ್ಲ. ಡಾಕ್ಟರಾದೆ. ಮನೆ ಕೊಂಡೆವು. ಗುರುರಾಯರು ತೀರಿಹೋದರು. ಶಾಂತಕ್ಕನ ಮಗ ಫಾಸ್ಟರ್ ಸಿಟಿಯಲ್ಲಿ ನೀರಿನಂಚಿಗೆ ಮನೆ ಮಾಡಿ ತಾಯಿಯನ್ನು ಕರೆದುಕೊಂಡ. ಎಷ್ಟೋ ರೋಗಿಗಳು ನನ್ನ ಕೈಹಿಡಿದು, ನಮ್ಮಕ್ಕ ಬರುವವರೆಗೆ ತಡೆಯಿರಿ, ನಮ್ಮಮ್ಮ ಬರುವವರೆಗೆ ತಡೆಯಿರಿ ಎಂದು ಬೇಡಿಕೊಂಡದ್ದುಂಟು. ಅಂಥ ದಿನಗಳಲ್ಲಿ ಕಾರನ್ನು ಮನೆಯ ಮುಂದೆ ನಿಲ್ಲಿಸಿ, ಒಳಗೆ ಹೋಗಲಾರದೆ ಸುಮ್ಮನೆ ಕುಳಿತಿರುತ್ತಿದ್ದೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಕಳೆದ ತಿಂಗಳು ಅನುವಿನ ಮಗುವಿನ ನಾಮಕರಣ. ಶಾಂತಕ್ಕ ಗಾಲಿಕುರ್ಚಿಯಲ್ಲಿ ಬಂದಿದ್ದರು. ಅನು ಬಂದವರೆದುರು ಅವರ ಭುಜದ ಮೇಲೆ ಕೈಯಿಟ್ಟು, ತನ್ನನ್ನು ಬೆಳೆಸಿದ ಅವ್ವ ಇವರು ಎಂದು ಇಂಗ್ಲಿಷಿನಲ್ಲಿ ಪರಿಚಯಿಸಿದಳು. ಆಮೇಲೆ, ನಮ್ಮಮ್ಮ ಇವರ ತಂಗಿಯನ್ನು ಹುಡುಕಿಕೊಂಡು ಫ್ರಾನ್ಸಿನ ಒಂದು ಊರೆಲ್ಲ ಅಲೆದಿದ್ದರು, ಎರಡು ಮನೆಗಳ ನಂಟು ಅಂಥದ್ದು ಎಂದಳು. ಜನ ಚಪ್ಪಾಳೆ ತಟ್ಟಿದರು. ಶಾಂತಕ್ಕನೂ ತಟ್ಟಿದರು.

ಅದಾದ ಮೂರನೆಯ ದಿನ ಫಾಸ್ಟರ್ ಸಿಟಿಗೆ ಹೋದೆ. ಅವರ ಮಗ, ಸೊಸೆ ಕೆಲಸಕ್ಕೆ ಹೋಗಿದ್ದರು. ಎದುರಿಗೆ ಕುಳಿತು, ವತ್ಸಲಾ ಸಿಕ್ಕಿದ್ದಳು ಅಕ್ಕಾ ಎಂದೆ. ಬಾ ಎಂದಿದ್ದಳು, ನಾನು ಹೇಳಲಿಲ್ಲ ಎಂದೆ. ಯಾಕೆ ಎಂಬುದನ್ನೂ ಹೇಳಿದೆ. ಅವರು ಬೈಯಲಿಲ್ಲ, ಅಳಲೂ ಇಲ್ಲ. ಹೊರಗೆ ನೀರಿನ ಮೇಲೆ ಬಾತುಗಳು ಹೋಗುತ್ತಿದ್ದವು; ಅವನ್ನು ನೋಡುತ್ತ ಕುಳಿತರು. ಆಮೇಲೆ ಕೇಳತೊಡಗಿದರು. ಸೊರಗಿದ್ದಳೇನು? ಕೂದಲ ಬೆಳ್ಳಗಾಗಿತ್ತೇನು? ಅವ್ವನ ಸೀರಿ ನೋಡಿ ಏನಂದಳು? ಒಬ್ಬಾಕಿನ ಇರತಿದ್ದಳೇನು? ನಾನು ನೆನಪಿದ್ದದ್ದನ್ನು ಹೇಳಿದೆ. ನೆನಪಿಲ್ಲದ್ದೇ ಬಹಳ. ಅಷ್ಟು ವರ್ಷ ಆ ದಿನವನ್ನು ತುಳಿದು ತುಳಿದು ಮರೆಯಲು ನೋಡಿದವಳು ನಾನು. ಈಗ ಕೇಳಿದರೆ ಎಲ್ಲಿಂದ ತರಲಿ?

ಎಲ್ಲ ಕೇಳಿ ಮುಗಿದ ಮೇಲೆ, ನನ್ನ ಮುಖ ನೋಡದೆ, ಅವರು ಇನ್ನೊಂದು ಕೇಳಿದರು.

"ನಾ ಯಾಕ ಬರಲಿಲ್ಲ ಅಂತ ಅಕಿ ತಿಳಕೊಂಡಿದ್ಲು ಸುಧಾ? ಸುದ್ದಿ ಮುಟ್ಟಿಲ್ಲ ಅಂತ ತಿಳಕೊಂಡಿರಬೇಕು, ಹೌದಲ್ಲ?"

ಆ ಫೋನಿನ ಮಾತನ್ನು ನಾನು ಅವರಿಗೆ ಹೇಳಿರಲಿಲ್ಲ. ಅದೊಂದನ್ನು ಉಳಿಸಿಕೊಂಡಿದ್ದೆ — ಉಳಿದದ್ದೆಲ್ಲ ಹೇಳಿದೆನಲ್ಲ, ಇದೊಂದು ಹೇಳದಿದ್ದರೆ ಅವರಿಗೇ ಒಳ್ಳೆಯದು ಎಂದು, ಆ ಹಳೆಯ ರೈಲಿನ ಲೆಕ್ಕವನ್ನೇ ಮತ್ತೆ ಹಾಕಿಕೊಂಡು ಹೋಗಿದ್ದೆ. ಅವರು ಉತ್ತರಕ್ಕೆ ಕಾದರು. ನಾನು ತಲೆ ಆಡಿಸಲಿಲ್ಲ, ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಸೊಸೆ ಬಂದಳು. ಎದ್ದು ಬಂದೆ.

ಶನಿವಾರ ಮತ್ತೆ ಹೋಗುತ್ತಿದ್ದೇನೆ. ಎಂಬತ್ತು ದಾಟಿದವರ ಎದೆಯ ಮೇಲೆ ಇದನ್ನು ಇಡಬೇಕೇ, ಇಡುವುದು ಅವರಿಗಾಗಿಯೋ ನನಗಾಗಿಯೋ — ತಿಳಿಯದು. ಹೇಳಿದರೆ ಅವರಿಗುಳಿದ ಒಂದೇ ಸಮಾಧಾನ ಹೋಗುತ್ತದೆ. ಹೇಳದಿದ್ದರೆ, ಆ ಸಮಾಧಾನವೂ ನಾನು ಕೊಟ್ಟ ಸುಳ್ಳೇ ಆಗುತ್ತದೆ. ನನ್ನನ್ನು ಕೇಳಿದ ಪ್ರಶ್ನೆಗೆ ಉತ್ತರ ನನ್ನೊಬ್ಬಳ ಹತ್ತಿರವೇ ಇದೆ, ಕೇಳಿದವರಿಗೆ ಅದು ಸೇರಬೇಕು. ಇಷ್ಟು ಮಾತ್ರ ಗೊತ್ತು. ಇನ್ನು ಅವರ ಪರವಾಗಿ ನಾನು ಏನನ್ನೂ ತೀರ್ಮಾನಿಸುವುದಿಲ್ಲ.